ಬೈಗುಳದ ಮರೆ

ರಾಮಗಿರಿ ಸ್ಟೇಷನ್ನಿನಲ್ಲಿ ಇಳಿದು ದ್ಯಾಮಮ್ಮನ ಮನೆ ಎಲ್ಲಿ ಎಂದು ಯಾರನ್ನಾದರೂ ಕೇಳಿ ನೋಡಿ. "ಸೊಸೇನ ಕೊಂದ್ಲಲ್ಲ, ಆ ದ್ಯಾಮಮ್ಮನಾ?" ಎಂದು ಕೇಳಿಕೊಂಡೇ ದಾರಿ ತೋರಿಸುತ್ತಾರೆ. ದಾರಿ ಮಾತ್ರ ಸರಿಯಾಗಿಯೇ ತೋರಿಸುತ್ತಾರೆ, ಅದರಲ್ಲಿ ಮೋಸವಿಲ್ಲ. ಬೆಟ್ಟದ ಕೆಳಗಿನ ಬೀದಿ, ಬೇವಿನ ಮರದ ಪಕ್ಕದ ಮನೆ, ಎದುರಿಗೆ ನಿಂಗಕ್ಕನ ಜಗಲಿ. ಆ ದ್ಯಾಮಮ್ಮ ನಾನೇ. ನನ್ನ ಬಾಯಿ ಕೆಟ್ಟದ್ದು, ಇಲ್ಲವೆನ್ನುವುದಿಲ್ಲ. ನಾನು ಬಾಯಿ ತೆರೆದರೆ ಗಾಡಿಯ ಎತ್ತುಗಳೂ ಬೇಗ ಬೇಗ ಕಾಲು ಹಾಕುತ್ತಿದ್ದವು ಎಂದು ಸತ್ತ ನನ್ನ ಯಜಮಾನರು ಹೇಳುತ್ತಿದ್ದರು. ಆದರೆ ಈ ಬಾಯಿಯಿಂದ ನಾನು ಏನು ಕಾಯುತ್ತ ಬಂದೆ ಎನ್ನುವುದು ಈ ಊರಿನಲ್ಲಿ ಒಬ್ಬರಿಗೂ ಗೊತ್ತಿಲ್ಲ. ನೀವು ಈ ಊರಿನವರಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ನನ್ನ ಸೊಸೆ ಕೊಟ್ರಮ್ಮ. ನನ್ನ ಒಬ್ಬನೇ ಮಗ ಮರುಳಸಿದ್ದಪ್ಪನಿಗೆ ಹೊಸದುರ್ಗದ ಕಡೆಯಿಂದ ತಂದುಕೊಂಡ ಹೆಣ್ಣು. ಅವಳ ಅಪ್ಪ ಪಂಚಾಕ್ಷರಪ್ಪ ಕಂಬಳಿ ವ್ಯಾಪಾರದ ಕುಳ. ಹಣೆ ತುಂಬ ವಿಭೂತಿ, ಮಾತಿಗೆ ಮೊದಲೇ ನಗು. ಹೆಣ್ಣು ನೋಡಲು ಹೋದಾಗ ಆತ ತಾನೇ ಬಾಗಿ ನಮ್ಮ ಕಾಲಿಗೆ ನೀರು ಕೊಟ್ಟ. ಅದನ್ನು ನೋಡಿಯೇ ನಾನು ಕರಗಿಬಿಟ್ಟೆ. ಮಗಳಿಗೆ ಮೂರ್ಛೆ ರೋಗವಿದೆ ಎಂದು ಮಾತ್ರ ಆ ಮಹಾನುಭಾವ ತುಟಿ ಬಿಚ್ಚಲಿಲ್ಲ.

ನಾನದನ್ನು ಮೊದಲು ಕಂಡದ್ದು ಬೀಸುವ ಕಲ್ಲಿನ ಮುಂದೆ. ಬೆಳಗಿನ ಹೊತ್ತು. ಕೊಟ್ರಿ ರಾಗಿ ಬೀಸುತ್ತಿದ್ದಳು. ಹಿಡಿಯಲ್ಲಿದ್ದ ರಾಗಿಯನ್ನು ಕಲ್ಲಿನ ಬಾಯಿಗೆ ಹಾಕುವುದು ಬಿಟ್ಟು ಅವಳ ಕೈ ಪಕ್ಕಕ್ಕೆ ಎಸೆದುಬಿಟ್ಟಿತು.

"ಏನೇ ಅದು, ಕೋಳಿಗೆ ಹಾಕ್ತಿದೀಯಾ?" ಎಂದೆ.

"ಬೆಳಗ್ಗೆ ಹೊತ್ತು ಒಂದೊಂದು ಸಲ ಕೈ ಹಾರ್ತೈತೆ ಅತ್ತೆ" ಎಂದು ನಗಲು ಹೋದಳು.

ನಗು ಪೂರ್ತಿಯಾಗಲಿಲ್ಲ. ಎದೆಯ ಗಾಳಿಯನ್ನೆಲ್ಲ ಒಮ್ಮೆಗೇ ಹಿಂಡಿ ತೆಗೆದ ಹಾಗೆ ಒಂದು ಕೂಗು ಬಂತು. ಕಲ್ಲಿನ ಮೇಲೆಯೇ ಮಗುಚಿ ಬಿದ್ದಳು. ಮೈ ಸೆಟೆದುಕೊಂಡಿತು, ಆಮೇಲೆ ಕೈಕಾಲು ನೆಲಕ್ಕೆ ಬಡಿದುಕೊಳ್ಳತೊಡಗಿದವು, ಬಾಯಲ್ಲಿ ನೊರೆ ಬಂತು. ನಾನು ಸೊಂಟದ ಬೀಗದ ಕೈಯನ್ನು ಕಿತ್ತು ಅವಳ ಅಂಗೈಗೆ ತುರುಕಿ, ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಕಬ್ಬಿಣ ಹಿಡಿಸಿದರೆ ಮೂರ್ಛೆ ಇಳಿಯುತ್ತದೆ ಎನ್ನುತ್ತಾರೆ. ಕಬ್ಬಿಣಕ್ಕೆ ಇಳಿಯುತ್ತದೋ, ತಾನಾಗಿಯೇ ಇಳಿಯುತ್ತದೋ, ಶಿವನೇ ಬಲ್ಲ.

ಅಷ್ಟರಲ್ಲಿ ಎದುರು ಜಗಲಿಯಿಂದ ನಿಂಗಕ್ಕ ಕೂಗಿ ಕೇಳಿದಳು. "ದ್ಯಾಮಕ್ಕ, ಯಾರದು ಕಿರುಚಿದ್ದು?"

"ನನ್ ಸೊಸೆ ಕಣೆ" ಎಂದೆ, ಒಳಗಿನಿಂದಲೇ. "ರೊಟ್ಟಿ ಸುಟ್ಟು ಇದ್ಲು ಮಾಡ್ಯಾಳೆ. ಎರಡು ಬಿಟ್ಟೆ."

ಆ ಮಾತು ಎಲ್ಲಿಂದ ಬಂತೋ ಕಾಣೆ. ಅತ್ತೆ ಸೊಸೆಗೆ ಹೊಡೆದಳು ಎಂದರೆ ನಮ್ಮ ಬೀದಿಗೆ ಅದು ಸುದ್ದಿಯೇ ಅಲ್ಲ, ನಿಂಗಕ್ಕ ತಿರುಗಿ ತನ್ನ ಕಸ ಗುಡಿಸಲು ಹೋದಳು. ಮೂರ್ಛೆ ಬಂತು ಎಂದಿದ್ದರೆ ಸಂಜೆಯೊಳಗೆ ಆ ಸುದ್ದಿ ಹೊಳಲ್ಕೆರೆ ಸಂತೆ ಮುಟ್ಟುತ್ತಿತ್ತು.

ನನಗೆ ಪಂಚಾಕ್ಷರಪ್ಪನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಈಗಲೇ ಗಾಡಿ ಕಟ್ಟಿಸಿ ಇವಳನ್ನು ಅವನ ಅಂಗಡಿಯ ಮುಂದೆ ಇಳಿಸಿ, ಅವನ ವಿಭೂತಿಯ ಮೇಲೆ ಉಗಿದು ಬರುತ್ತೇನೆ ಎಂದುಕೊಂಡೆ. ಆ ಹೊತ್ತಿಗೆ ಹುಡುಗಿ ಕಣ್ಣು ಬಿಟ್ಟಳು. ಎಲ್ಲಿದ್ದೇನೆ ಎಂದು ಅವಳಿಗೆ ತಿಳಿಯಲು ಒಂದಷ್ಟು ಹೊತ್ತು ಹಿಡಿಯಿತು. ಒದ್ದೆಯಾದ ಸೀರೆ ನೋಡಿಕೊಂಡಳು, ಅಂಗೈಯಲ್ಲಿದ್ದ ಬೀಗದ ಕೈ ನೋಡಿದಳು. ಆಮೇಲೆ ಕೊರಳ ಕರಡಿಗೆಯಿಂದ ಲಿಂಗ ತೆಗೆದು ಎಡಗೈಯಲ್ಲಿಟ್ಟುಕೊಂಡು ನನ್ನ ಮುಂದೆ ಚಾಚಿದಳು.

"ಮುಟ್ಟಿ ಹೇಳ್ರಿ ಅತ್ತೆ, ಯಾರಿಗೂ ಹೇಳಾಕಿಲ್ಲ ಅಂತ. ಹೊಟ್ಟೆಯಾಗೆ ಕೂಸೈತೆ. ಹೆಣ್ಣಾದ್ರೆ ಅದನ್ನ ಯಾರು ಕಟ್ಕಂತಾರೆ?"

ನನ್ನ ತವರೂರಿನಲ್ಲಿ ಮೂರ್ಛೆ ಬರುವ ಒಬ್ಬ ಹೆಂಗಸಿದ್ದಳು. ಅವಳ ನೊರೆ ತುಳಿದರೆ ಅಂಟುತ್ತದೆ ಎಂದು ಮಕ್ಕಳನ್ನು ಅವಳ ಹತ್ತಿರ ಬಿಡುತ್ತಿರಲಿಲ್ಲ. ಅವಳು ಸೇದಿದ ನೀರನ್ನು ಯಾರೂ ಕುಡಿಯುತ್ತಿರಲಿಲ್ಲ. ಗಂಡ ಇನ್ನೊಂದು ಮದುವೆಯಾದ, ಇವಳಿಗೆ ದನದ ಕೊಟ್ಟಿಗೆಯಲ್ಲಿ ಅನ್ನ. ಅವಳ ಮಗಳು ಗುಂಡುಕಲ್ಲಿನ ಹಾಗಿದ್ದಳು, ಒಂದು ದಿನ ನೆಗಡಿಯೂ ಬಂದದ್ದಿಲ್ಲ. ಆದರೂ ಮೂರ್ಛೆಯವಳ ಮಗಳು ಎಂದು ಒಂದು ಗಂಡೂ ಆ ಬಾಗಿಲು ಹತ್ತಲಿಲ್ಲ. ಅದೆಲ್ಲ ನೆನಪಾಯಿತು. ಸಿಟ್ಟನ್ನು ನುಂಗಿಕೊಂಡು ಲಿಂಗದ ಮೇಲೆ ಕೈಯಿಟ್ಟೆ.

ಅಂದಿನಿಂದ ನನ್ನ ಬಾಯಿಗೆ ಒಂದು ಕೆಲಸ ಸಿಕ್ಕಿತು. ಆ ಕೂಗು ಕೇಳಿದ ಕೂಡಲೇ ನಾನು ಎಲ್ಲಿದ್ದರೂ ಓಡಿಬಂದು ಒಂದು ಕೈಯಲ್ಲಿ ಅವಳ ತಲೆ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ತಾಮ್ರದ ಕೊಡವನ್ನು ನೆಲಕ್ಕೆ ಕುಟ್ಟುತ್ತ ಬೈಯುತ್ತಿದ್ದೆ. ನಿನ್ನ ಮನೆ ಹಾಳಾಗ, ಹಾಲು ಉಕ್ಕಿಸಿದೆಯಾ. ನಿನ್ನ ಕೈಗೆ ಕರಿನಾಗರ ಸುತ್ತ, ಬೆಣ್ಣೆ ಬೆಕ್ಕಿಗೆ ಹಾಕಿದೆಯಾ. ಸತ್ತೆಯೇನೇ, ಏಳೇ. ಅವಳ ಕಾಲು ನೆಲಕ್ಕೆ ಬಡಿಯುವ ಸದ್ದು ನನ್ನ ಹೊಡೆತದ ಸದ್ದಾಗಿ ಬೀದಿಗೆ ಕೇಳುತ್ತಿತ್ತು. ದ್ಯಾಮಮ್ಮನ ಮನೆಯಲ್ಲಿ ಉಕ್ಕುವಷ್ಟು ಹಾಲು ನಮ್ಮ ಊರಿನ ಯಾವ ಹಸುವೂ ಕೊಡುವುದಿಲ್ಲ ಎಂದು ನಿಂಗಕ್ಕ ಬಾವಿಯ ಹತ್ತಿರ ಹಾಸ್ಯ ಮಾಡಿದಳಂತೆ.

ಮೂರ್ಛೆ ತಿಳಿದು ನಾಲಿಗೆ ಹೊರಳಿದ ಕೂಡಲೇ ಹುಡುಗಿ ಕೇಳುತ್ತಿದ್ದ ಮೊದಲ ಮಾತು ಒಂದೇ. "ಇವತ್ತು ನಾನೇನು ಸುಟ್ಟೆ ಅತ್ತೆ?"

"ಇವತ್ತು ಸುಟ್ಟಿಲ್ಲ. ಉಪ್ಪಿನಕಾಯಿ ಜಾಡಿ ಒಡೆದಿದೀಯ."

"ಅಯ್ಯೋ ಶಿವನೇ, ದೊಡ್ಡ ಜಾಡೀನಾ?" ಎಂದು ನಗುತ್ತಿದ್ದಳು. ನಾಲಿಗೆ ಕಚ್ಚಿಕೊಂಡ ಬಾಯಲ್ಲಿ, ರಕ್ತ ಒರೆಸಿಕೊಳ್ಳುತ್ತ ನಗುತ್ತಿದ್ದಳು. ನನಗೆ ಹೆಣ್ಣುಮಕ್ಕಳಿರಲಿಲ್ಲ. ಇದ್ದಿದ್ದರೂ ಇಷ್ಟು ಹಚ್ಚಿಕೊಳ್ಳುತ್ತಿದ್ದೆನೋ ಇಲ್ಲವೋ. ಗಂಡುಮಗು ಬೇಡಿಕೊಳ್ಳಲು ಎಂದು ಊರಿಗೆಲ್ಲ ಹೇಳಿ ಅವಳನ್ನು ಹಾಲುರಾಮೇಶ್ವರಕ್ಕೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಕೈಮುಗಿದು ನಾನು ಕೇಳಿದ್ದು ಗಂಡನ್ನೂ ಅಲ್ಲ, ಹೆಣ್ಣನ್ನೂ ಅಲ್ಲ. ಇವಳ ಕೈ ಹಾರದಿರಲಿ ಎಂದು ಕೇಳಿದೆ. ಹುಟ್ಟಿದ್ದು ಹೆಣ್ಣು, ಸಿದ್ದಲಿಂಗಿ. ಕೊಟ್ರಿಯ ಕೈ ಹಾರುವುದೂ ನಿಲ್ಲಲಿಲ್ಲ.

ಬಿದ್ದಲ್ಲೆಲ್ಲ ಅವಳ ಮೈ ನೀಲಿಗಟ್ಟುತ್ತಿತ್ತು. ಬಾವಿಯ ಹತ್ತಿರ ಹೆಂಗಸರು ಕೇಳಿದರೆ "ಬಿದ್ದೆ" ಎನ್ನುತ್ತಿದ್ದಳು. ಅತ್ತೆಯ ಕೈಲಿ ಏಟು ತಿಂದವರೆಲ್ಲ ಹೇಳುವ ಮಾತು ಅದೇ ತಾನೇ, ಯಾರೂ ನಂಬುತ್ತಿರಲಿಲ್ಲ. ನನ್ನನ್ನು ನೋಡಿದರೆ ಮುಖ ತಿರುಗಿಸಿಕೊಳ್ಳುತ್ತಿದ್ದರು. ತಿರುಗಿಸಿಕೊಳ್ಳಲಿ, ನನಗೇನಂತೆ, ನನ್ನ ಸೊಸೆ ಸೇದಿದ ನೀರು ಕುಡಿಯುತ್ತಾರಲ್ಲ ಎಂದುಕೊಳ್ಳುತ್ತಿದ್ದೆ.

ಸಿದ್ದಲಿಂಗಿ ಬೀದಿಯಲ್ಲಿ ಓಡಾಡಿಕೊಂಡಿದ್ದ ವಯಸ್ಸು. ಮರುಳಸಿದ್ದ ಗಾಡಿ ಕಟ್ಟಿಕೊಂಡು ಹಿರಿಯೂರಿನ ಹತ್ತಿರ ಮಾರಿಕಣಿವೆಗೆ, ಅಣೆಕಟ್ಟಿನ ಕಲ್ಲು ಹೊಡೆಯಲು ಹೋಗಿದ್ದ. ಕೊಟ್ರಿ, ಮಗು, ನಾನು ಮೂವರೂ ನಡುಮನೆಯಲ್ಲಿ ಒಂದೇ ಕೌದಿಯಲ್ಲಿ ಮಲಗುತ್ತಿದ್ದೆವು. ಬೆಳಕು ಹರಿಯುವ ಹೊತ್ತಿಗೆ ನಾನೆದ್ದು ಹಾಲು ಕರೆಯಲು ಹೋದೆ. ಹೋಗುವಾಗ ಅವಳು ಮಗ್ಗುಲಾಗಿ ಮಲಗಿ ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಎಬ್ಬಿಸಬೇಕೆನಿಸಲಿಲ್ಲ, ಹಿಂದಿನ ದಿನವೆಲ್ಲ ಹುರುಳಿ ಬಡಿದು ದಣಿದಿದ್ದಳು.

ಹಾಲಿನ ಚೊಂಬು ಹಿಡಿದು ಒಳಗೆ ಬಂದಾಗ ಬೋರಲು ಮಲಗಿದ್ದಳು. ಮುಖ ಕೌದಿಯೊಳಗೆ ಹೂತಿತ್ತು. ಕೂಗು ಕೇಳಿಸಿರಲಿಲ್ಲ, ಕೊಟ್ಟಿಗೆ ಹಿತ್ತಿಲ ಕಡೆಗಿದೆ. ಮಗು ಪಕ್ಕದಲ್ಲೇ ಬಾಯಿ ತೆರೆದು ನಿದ್ದೆ ಹೋಗಿತ್ತು. ಹೊರಳಿಸಿದೆ. ತುಟಿ ಕಪ್ಪಾಗಿತ್ತು, ಕೆನ್ನೆಯ ಮೇಲೆ ರಕ್ತದ ಒಂದು ಎಳೆ, ಸೀರೆ ಒದ್ದೆ. ಬಂದು ಹೋಗಿದೆ ಎಂದುಕೊಂಡೆ. ಎಂದಿನಂತೆ ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡು ಅಂಗೈಯಲ್ಲಿ ಬೀಗದ ಕೈ ಇಟ್ಟು, ಬೆರಳುಗಳನ್ನು ನಾನೇ ಮಡಿಸಿದೆ. ಅವು ಮತ್ತೆ ಬಿಚ್ಚಿಕೊಂಡವು. ಮತ್ತೆ ಮಡಿಸಿದೆ. ಮೂರ್ಛೆ ಬಂದವರು ಎದ್ದು ಕೂರುತ್ತಾರೆ, ನೀರು ಕುಡಿಯುತ್ತಾರೆ, ನಾಚಿಕೊಳ್ಳುತ್ತಾರೆ. ಬೆಂಕಿಗೆ ಬಿದ್ದವರು, ಬಾವಿಗೆ ಬಿದ್ದವರು ಸಾಯುತ್ತಾರೆ. ಹಾಸಿಗೆಯ ಮೇಲೆ ಮಲಗಿದವರು ಸತ್ತದ್ದನ್ನು ನಾನು ಕಂಡೂ ಇರಲಿಲ್ಲ, ಕೇಳಿಯೂ ಇರಲಿಲ್ಲ. ಅದಕ್ಕೇ ಕಾದೆ. ಬೀದಿಯಲ್ಲಿ ಜನ ಓಡಾಡುವ ಹೊತ್ತಾಯಿತೆಂದು ಬೈಯಲೂ ಶುರುಮಾಡಿದೆ. ಹಾಲೆಲ್ಲ ಚೆಲ್ಲಿದೆಯಲ್ಲೇ, ನಿನ್ನ ಹೆಣ ಎತ್ತ. ಸತ್ತೆಯೇನೇ, ಏಳೇ. ಎಷ್ಟು ಹೊತ್ತು ಬೈದೆನೋ ಗೊತ್ತಿಲ್ಲ. ಅವಳ ಕಾಲು ತಣ್ಣಗಾಗಿರುವುದು ಕೈಗೆ ಹತ್ತಿದ ಮೇಲೂ ಸ್ವಲ್ಪ ಹೊತ್ತು ಬೈಯುತ್ತಲೇ ಇದ್ದೆ. ನಿಲ್ಲಿಸಿದರೆ ಅದು ನಿಜವಾಗಿಬಿಡುತ್ತದೆ ಎನ್ನಿಸುತ್ತಿತ್ತು.

ಒಲೆಗೆ ಕೆಂಡ ಕೇಳಲು ಬಂದ ನಿಂಗಕ್ಕ ನಡುಮನೆಯ ಹೊಸ್ತಿಲಲ್ಲಿ ನಿಂತಳು. ನನ್ನ ತೊಡೆ, ಕೊಟ್ರಿಯ ಬಾಯಿಯ ರಕ್ತ, ಅವಳ ಅಂಗೈಗೆ ನಾನು ಒತ್ತಿ ಹಿಡಿದಿದ್ದ ಬೀಗದ ಕೈ, ಎಲ್ಲವನ್ನೂ ಒಂದೊಂದಾಗಿ ನೋಡಿದಳು. ಮಲಗಿದ್ದ ಮಗುವನ್ನು ಬಾಚಿ ಎತ್ತಿಕೊಂಡು ಬೀದಿಗೆ ಓಡಿದಳು.

ಪಟೇಲ ಮೂರ್ತಪ್ಪ ಬಂದ. ಅದು ಪ್ಲೇಗಿನ ಕಾಲ, ಒಂದು ಹೆಣ ಬಿದ್ದರೆ ಪಟೇಲ ಬಂದು ನೋಡಲೇಬೇಕಿತ್ತು. ಪ್ಲೇಗಲ್ಲ ಎಂದು ಆತನಿಗೆ ಒಂದೇ ನೋಟಕ್ಕೆ ತಿಳಿಯಿತು. ಬೆಳಗಿನ ರೈಲಿಗೆ ಒಬ್ಬನನ್ನು ಹೊಸದುರ್ಗದ ಕಡೆಗೆ ಪಂಚಾಕ್ಷರಪ್ಪನಲ್ಲಿಗೆ, ಇನ್ನೊಬ್ಬನನ್ನು ಹೊಳಲ್ಕೆರೆಗೆ ಓಡಿಸಿ ಬಾಗಿಲಲ್ಲಿ ಕುಳಿತ. ಪೊಲೀಸರು ಬರುವ ತನಕ ಯಾರೂ ಮುಟ್ಟಬಾರದು ಎಂದ. ಮೈ ಸೆಟೆದುಕೊಂಡರೆ ಆಮೇಲೆ ಕೂರಿಸಲು ಬರುವುದಿಲ್ಲ, ಕಾಲು ಮುರಿಯಬೇಕಾಗುತ್ತದೆ ಎಂದು ಮಠದ ಐನೋರು ಹೇಳಿದರು. ನಮ್ಮಲ್ಲಿ ಮಣ್ಣು ಮಾಡುವುದು ಕೂರಿಸಿಯೇ, ಲಿಂಗಪೂಜೆಗೆ ಕೂತ ಹಾಗೆ. ಕೊನೆಗೆ ಪಟೇಲ ಒಪ್ಪಿದ. ಐನೋರು ಅವಳನ್ನು ಗೋಡೆಗೆ ಒರಗಿಸಿ ಚಕ್ಕಳಮಕ್ಕಳ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಎಡಗೈಯಲ್ಲಿ ಲಿಂಗವಿಟ್ಟರು. ಬೀಗದ ಕೈ ಇದ್ದ ಕೈ ಅದೇ. ನನ್ನನ್ನು ಎದುರು ಗೋಡೆಗೆ ಕೂರಿಸಿದರು. ಹೊತ್ತು ಇಳಿಯುವ ತನಕ ಅತ್ತೆ ಸೊಸೆ ಹಾಗೆಯೇ ಎದುರು ಬದುರಾಗಿ ಕೂತಿದ್ದೆವು. ಬಾಗಿಲ ತುಂಬ ಜನ, ಕಿಟಕಿಯಲ್ಲಿ ಜನ. ನೀರು ಕುಡಿಯಲು ಎದ್ದರೂ ಪಟೇಲನ ಆಳು ಜೊತೆಗೆ ಎದ್ದು ನಿಲ್ಲುತ್ತಿದ್ದ.

ಮಧ್ಯಾಹ್ನದ ರೈಲಿಗೆ ಪಂಚಾಕ್ಷರಪ್ಪ ಬಂದ. ಮಗಳ ಕಾಲ ಮೇಲೆ ಬಿದ್ದು ಅತ್ತ. ಅಳುವಾಗ ಅವನ ಮೇಲಿದ್ದ ಸಿಟ್ಟು ನನಗೂ ಮರೆತುಹೋಯಿತು. ಆಮೇಲೆ ಹೊಳಲ್ಕೆರೆಯಿಂದ ಒಬ್ಬ ಪೊಲೀಸ್ ದಫೇದಾರ ಬಂದ, ಅವನ ಹಿಂದೆಯೇ ಡಾಕ್ಟರೂ ಬಂದರು. ದಫೇದಾರ ನಿಂಗಕ್ಕನನ್ನು ಕೇಳಿದ. ಅವಳು ಒಂದು ಸುಳ್ಳನ್ನೂ ಹೇಳಲಿಲ್ಲ, ಪಾಪ.

"ದಿನಾ ಬೈತಿದ್ಲು ಸ್ವಾಮಿ. ಆ ಹುಡುಗಿ ಕಿರುಚ್ತಿತ್ತು, ದಬದಬ ಅಂತ ಹೊಡೆಯೋದು ಕೇಳ್ತಿತ್ತು. ಇವತ್ತೂ ಬೈತಿದ್ಲು. ಸತ್ತೆಯೇನೇ, ಸತ್ತೆಯೇನೇ ಅಂತಿದ್ಲು. ನನ್ ಕಿವಿಯಾರೆ ಕೇಳೀನಿ."

"ಏನಮ್ಮ, ಹೌದಾ?" ಎಂದ ದಫೇದಾರ.

"ಬೈದೆ" ಎಂದೆ.

ಡಾಕ್ಟರು ಕೊಟ್ರಿಯ ಕೊರಳನ್ನು ಹಿಂದೆ ಮುಂದೆ ನೋಡಿದರು. ಕಣ್ಣಿನ ರೆಪ್ಪೆ ಎತ್ತಿದರು. ಬಾಯಿ ತೆರೆದು ನಾಲಿಗೆಯ ಮೇಲಿನ ಹಲ್ಲಿನ ಗಾಯ ನೋಡಿದರು. ಬೇರೆ ಊರಿನವರು, ಮೆಲ್ಲಗೆ ಮಾತಾಡುವ ಮನುಷ್ಯ.

"ಈ ಹೆಣ್ಣುಮಗಳಿಗೆ ಮೂರ್ಛೆ ಏನಾದರೂ ಬರುತ್ತಿತ್ತೇನು?"

ಬಾಗಿಲ ಜನ ಒಮ್ಮೆಗೇ ಕತ್ತು ಮುಂದೆ ಚಾಚಿದರು. ಹೂಂ ಎಂದುಬಿಟ್ಟರೆ ನಾನು ಪಾರು. ಒಂದೇ ಒಂದು ಹೂಂ. ಪಂಚಾಕ್ಷರಪ್ಪನ ಕಡೆ ನೋಡಿದೆ. ನಿನ್ನ ಮಗಳಪ್ಪ, ನೀನೇ ಹೇಳು, ನನಗೆ ಲಿಂಗದ ಆಣೆ ಇದೆ ಎಂದು ಕಣ್ಣಿನಲ್ಲಿಯೇ ಬೇಡಿಕೊಂಡೆ. ಅವನಿಗೆ ಇನ್ನೊಬ್ಬಳು ಮಗಳಿದ್ದಳು, ಅವಳ ನಿಶ್ಚಿತಾರ್ಥವಾಗಿತ್ತು. ಆತ ನನ್ನನ್ನು ನೋಡಲಿಲ್ಲ. ನೆಲ ನೋಡಿಕೊಂಡು ಹೇಳಿದ.

"ನನ್ ಮಗಳಿಗೆ ಯಾವ ಕಾಯಿಲೆನೂ ಇರ್ಲಿಲ್ಲ ಸ್ವಾಮಿ."

"ಇದ್ದರೂ ಮೂರ್ಛೆಯೊಂದರಿಂದಲೇ ಮಲಗಿದಲ್ಲಿ ಪ್ರಾಣ ಹೋಗುವುದಿಲ್ಲ" ಎಂದರು ಡಾಕ್ಟರು, ತಮ್ಮಷ್ಟಕ್ಕೇ. ಆಮೇಲೆ ನನ್ನ ಕಡೆ ತಿರುಗಿದರು. "ನೀವು ಹೇಳಿ ತಾಯಿ. ಬರುತ್ತಿತ್ತೇ?"

ನನ್ನ ಬಾಯಿ ಗೊತ್ತಲ್ಲ ನಿಮಗೆ. ಜೀವಮಾನದಲ್ಲಿ ಅದು ಅಷ್ಟು ಹೊತ್ತು ಮುಚ್ಚಿದ್ದು ಅದೊಂದೇ ಸಲ. ಎದುರಿಗೆ ಕೊಟ್ರಿ ಕೂತಿದ್ದಳು, ಕೈ ಚಾಚಿಕೊಂಡು, ಕೈಯಲ್ಲಿ ಲಿಂಗ ಹಿಡಿದುಕೊಂಡು. ಮುಟ್ಟಿ ಹೇಳ್ರಿ ಅತ್ತೆ ಎಂದ ದಿನ ಕೂತ ಹಾಗೆಯೇ ಕೂತಿದ್ದಳು. ಬಾಗಿಲಲ್ಲಿ ನಿಂಗಕ್ಕನ ಸೊಂಟದ ಮೇಲೆ ಸಿದ್ದಲಿಂಗಿ ಮಂಡಕ್ಕಿ ತಿನ್ನುತ್ತಿತ್ತು. ನಾನು ಹೂಂ ಎಂದ ಗಳಿಗೆಗೆ ನಿಂಗಕ್ಕ ಆ ಮಗುವನ್ನು ಸೊಂಟದಿಂದ ಇಳಿಸಿ ಸೀರೆ ಕೊಡವಿಕೊಳ್ಳುತ್ತಾಳೆ. ಅದು ನನಗೆ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು. ಇನ್ನೂ ಒಂದಿತ್ತು. ಮೂರ್ಛೆಯಿಂದ ಸತ್ತಳು ಎಂದು ನನಗೇ ನಂಬಿಕೆ ಇರಲಿಲ್ಲ. ಅಷ್ಟು ಸಲ ಎದ್ದು ನಕ್ಕವಳು ಈ ಸಲ ಯಾಕೆ ಏಳಲಿಲ್ಲ ಎಂದು ನನಗೆ ಯಾರು ಹೇಳಬೇಕು?

"ಇಲ್ಲ" ಎಂದೆ. "ಹೊಡೀತಿದ್ದೆ. ನನ್ ಕೈ ಬಾಯಿ ಎರಡೂ ಕೆಟ್ಟವು. ಇವತ್ತು ಮಾತ್ರ ಹೊಡೆದಿಲ್ಲ."

ಹೊಳಲ್ಕೆರೆಯ ಠಾಣೆಗೆ ಕರೆದುಕೊಂಡು ಹೋದರು, ಅಲ್ಲಿಂದ ಚಿತ್ರದುರ್ಗಕ್ಕೆ. ಕೊಟ್ರಿಯ ಮಣ್ಣಿಗೆ ನಾನಿರಲಿಲ್ಲ. ಕೊರಳಿನಲ್ಲಿ ಬೆರಳ ಗುರುತಿಲ್ಲ, ಹೊಟ್ಟೆಯಲ್ಲಿ ವಿಷವಿಲ್ಲ, ಸಾವಿಗೆ ಕಾರಣ ತಿಳಿಯದು ಎಂದು ಡಾಕ್ಟರು ಬರೆದರಂತೆ. ಸಾಕ್ಷಿ ಸಾಲದೆಂದು ಕೆಲವು ವಾರದ ಮೇಲೆ ನನ್ನನ್ನು ಬಿಟ್ಟುಬಿಟ್ಟರು. ಸರ್ಕಾರ ಬಿಟ್ಟಿತು, ಊರು ಬಿಡಲಿಲ್ಲ. ಹೆಂಡತಿಯ ಮೂರ್ಛೆ ಗೊತ್ತಿದ್ದ ಮರುಳಸಿದ್ದ ಬಂದು "ಯಾಕವ್ವ ಹೇಳ್ಲಿಲ್ಲ?" ಎಂದು ಒಂದೇ ಮಾತು ಕೇಳಿದ. ಮಗುವಿನ ಕಡೆ ಕೈ ತೋರಿಸಿದೆ. ತಲೆ ತಗ್ಗಿಸಿಕೊಂಡು ಮತ್ತೆ ಗಾಡಿ ಹೊಡೆದುಕೊಂಡು ಕಣಿವೆಗೆ ಹೋದ. ಅಲ್ಲಿಯ ಚಳಿಜ್ವರ ಅವನನ್ನು ತೆಗೆದುಕೊಂಡು ಹೋಯಿತು, ಅಣೆಕಟ್ಟು ತುಂಬಿದ್ದನ್ನು ಅವನು ನೋಡಲಿಲ್ಲ. ಪಂಚಾಕ್ಷರಪ್ಪ ಮೊಮ್ಮಗಳನ್ನು ನನ್ನ ಹತ್ತಿರವೇ ಬಿಟ್ಟ. ಮಗಳನ್ನು ಕೊಂದವಳ ಕೈಗೆ ಯಾರಾದರೂ ಮೊಮ್ಮಗಳನ್ನು ಕೊಡುತ್ತಾರೆಯೇ ಎಂದು ಊರು ಬೆರಗಾಯಿತು. ಬಾಯಲ್ಲಿ ಆಡಲಾರದ್ದನ್ನು ಆತ ಹಾಗೆ ಒಪ್ಪಿಕೊಂಡಿದ್ದ. ಈಗ ಆತನೂ ಇಲ್ಲ. ಹೌದು ದ್ಯಾಮಮ್ಮ ಹೇಳುವುದು ನಿಜ ಎನ್ನಲು ಭೂಮಿಯ ಮೇಲೆ ಒಬ್ಬರೂ ಉಳಿದಿಲ್ಲ.

ಸಿದ್ದಲಿಂಗಿ ಬೆಳೆದಳು, ಅವಳ ಅವ್ವನದೇ ಮುಖ. ಬಾವಿಯ ಹತ್ತಿರ ಯಾರೋ ಅವಳಿಗೆ ಎಲ್ಲ ಹೇಳಿದರು. ಹೇಳದೇ ಇರುತ್ತಾರೆಯೇ. ಒಂದು ದಿನ ನೀರಿನ ಕೊಡ ಇಳಿಸಿ, ನನ್ನ ಮುಖ ನೋಡಿ, ನಡುಮನೆಗೆ ಹೋಗಿ ಒಳಗಿನಿಂದ ಅಗಳಿ ಹಾಕಿಕೊಂಡಳು. ಆವತ್ತಿನಿಂದ ಮಲಗುವುದು ಅಲ್ಲೇ, ಒಬ್ಬಳೇ. ನಾನು ಮಾಡಿದ ಅಡಿಗೆಯನ್ನು ಮೊದಲು ನಾನು ತಿಂದ ಮೇಲೆ ತಾನು ತಿನ್ನುತ್ತಾಳೆ. ಇರಲಿ, ಜೀವದಿಂದಿದ್ದಾಳೆ, ನನಗಷ್ಟು ಸಾಕು ಎಂದುಕೊಂಡಿದ್ದೆ.

ಹೋದ ಸುಗ್ಗಿಯಲ್ಲಿ ಒಂದು ಬೆಳಗ್ಗೆ ಒಲೆಯ ಮುಂದೆ ಕೂತಿದ್ದವಳ ಕೈಯಿಂದ ಚೊಂಬು ಹಾರಿ ಗೋಡೆಗೆ ಬಡಿಯಿತು.

"ಕೈ ಜಾರ್ತು" ಎಂದಳು.

ಜಾರಿದ ಚೊಂಬು ಕೆಳಗೆ ಬೀಳುತ್ತದೆ, ಗೋಡೆಗೆ ಹೋಗುವುದಿಲ್ಲ. ಒಂದು ವಾರ ಕಳೆದಿರಲಿಲ್ಲ, ಬೆಳಗಿನ ಹೊತ್ತು ಮುಚ್ಚಿದ ಬಾಗಿಲ ಹಿಂದಿನಿಂದ ಆ ಕೂಗು ಬಂತು. ಅದೇ ಕೂಗು. ನಾನು ಬಾಗಿಲು ಬಡಿದೆ, ತಲೆಯನ್ನೇ ಚಚ್ಚಿಕೊಂಡೆ. ಅಗಳಿ ಜಗ್ಗಲಿಲ್ಲ. ಎದುರು ಜಗಲಿಯಿಂದ ನಿಂಗಕ್ಕನ ಮುದಿದನಿ ಕೇಳಿತು. "ಯಾರದು ಕಿರುಚಿದ್ದು?"

"ಮೊಮ್ಮಗಳು ಕಣೆ" ಎಂದೆ. ಇಷ್ಟು ವರ್ಷದ ಮೇಲೂ ನಾಲಿಗೆ ತಾನಾಗಿಯೇ ಹೊರಳಿತು. "ಹಾಲು ಉಕ್ಕಿಸ್ಯಾಳೆ."

ಆಮೇಲೆ ಯಾವಾಗಲೋ ಬಾಗಿಲು ತೆರೆಯಿತು. ಸಿದ್ದಲಿಂಗಿ ನಿಂತಿದ್ದಳು, ತುಟಿಯ ಕೊನೆಯಲ್ಲಿ ರಕ್ತ, ಸೀರೆ ಒದ್ದೆ. ಏನಾಯಿತೆಂದು ಅವಳಿಗೇ ಗೊತ್ತಿರಲಿಲ್ಲ. ಮೂರ್ಛೆ ಬಂದವರಿಗೆ ಬಂದದ್ದು ತಿಳಿಯುವುದಿಲ್ಲ, ಅದನ್ನು ಇನ್ನೊಬ್ಬರೇ ಹೇಳಬೇಕು. ನಾನು ಅವಳನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಲಿಂಗದ ಆಣೆ ಅವಳ ಸಲುವಾಗಿಯೇ ಇಟ್ಟದ್ದು, ಅವಳಿಗೆ ಹೇಳಿದರೆ ತಪ್ಪಿಲ್ಲ ಎಂದುಕೊಂಡೆ. ನಿನ್ನ ಅವ್ವನಿಗೂ ಹೀಗೇ ಕೈ ಹಾರುತ್ತಿತ್ತು, ಹೀಗೇ ಕೂಗುತ್ತಿದ್ದಳು, ಒಂದು ಬೆಳಗ್ಗೆ ಮಲಗಿದಲ್ಲೇ ಹೋದಳು, ನಾನು ಕೊಲ್ಲಲಿಲ್ಲ, ಅಗಳಿ ಹಾಕಬೇಡ, ನಿನ್ನ ಪಕ್ಕದಲ್ಲಿ ಮಲಗಲು ಬಿಡು ಎಂದೆ. ಅವಳು ನನ್ನನ್ನೇ ನೋಡುತ್ತಿದ್ದಳು.

"ನಮ್ಮವ್ವಂಗೂ ಹಿಂಗೇ ಇಲ್ಲದ್ದು ಹೇಳ್ತಿದ್ದೆಯಂತಲ್ಲ, ಹಾಲು ಉಕ್ತು, ರೊಟ್ಟಿ ಸುಟ್ಟೋತು ಅಂತ" ಎಂದಳು. ದನಿ ಏರಿಸಲಿಲ್ಲ. "ನಂಗೂ ಶುರು ಮಾಡ್ದೆಯಾ ಅಜ್ಜಿ? ಪಕ್ಕದಾಗೆ ಮಲಗಿ ನನ್ನೂ ಕೊಲ್ತೀಯಾ?"

ಆವತ್ತಿನಿಂದ ಅಗಳಿಯ ಜೊತೆಗೆ ಒಳಕಲ್ಲಿನ ಗುಂಡನ್ನೂ ಉರುಳಿಸಿ ಬಾಗಿಲಿಗೆ ಒತ್ತಿಡುತ್ತಾಳೆ.

ಹೋದ ತಿಂಗಳು ಹಿರಿಯೂರಿನ ಹತ್ತಿರದ ಯಲ್ಲದಕೆರೆಯಿಂದ ಅವಳನ್ನು ನೋಡಲು ಬಂದರು. ಮನೆತನ ಒಳ್ಳೆಯದು, ಹುಡುಗ ಗಟ್ಟಿಗ. ನನ್ನ ಕಥೆ ಅವರಿಗೂ ಗೊತ್ತಿತ್ತು, ಅಯ್ಯೋ ಪಾಪ ಈ ಮನೆಯಿಂದ ಹುಡುಗಿ ಪಾರಾಗಲಿ ಎಂದೇ ಒಪ್ಪಿದರು. ಸಿದ್ದಲಿಂಗಿ ನಕ್ಕದ್ದನ್ನು ನಾನು ಆವತ್ತು ನೋಡಿದೆ, ಎಷ್ಟೋ ದಿನದ ಮೇಲೆ. ಮೂರ್ಛೆ ಎಂದರೆ ಆ ನಗು ಮುರಿಯುತ್ತದೆ. ಎನ್ನದಿದ್ದರೆ ಅಲ್ಲಿ ಅವಳನ್ನು ಯಾರು ಕಾಯುತ್ತಾರೆ? ಹುಡುಗನ ತಾಯಿಯನ್ನು ಹಿತ್ತಿಲಿಗೆ ಕರೆದುಕೊಂಡು ಹೋದೆ. ಬಿಳಿ ಸೀರೆಯ ಮೃದು ಹೆಂಗಸು, ನನ್ನ ಹತ್ತಿರ ನಿಲ್ಲಲೂ ಹೆದರುತ್ತಿದ್ದಳು.

"ಹುಡುಗಿ ಕತ್ತಲಿಗೆ ಹೆದರ್ತಾಳೆ. ಯಾವಾಗ್ಲೂ ಪಕ್ಕದಾಗೆ ಯಾರಾದ್ರೂ ಮಲಗ್ರಿ" ಎಂದೆ. "ಬೆಳಗ್ಗೆ ಬೈದು ಎಬ್ಬಿಸ್ರಿ. ನಿಮಗೆ ಬೈಯಾಕೆ ಬರ್ತೈತೇನಮ್ಮ?"

ಆಕೆ ನನ್ನನ್ನು ವಿಚಿತ್ರವಾಗಿ ನೋಡಿದಳು.

"ನಮ್ಮನೇಲಿ ಸೊಸೆಗೆ ಯಾರೂ ಬೈಯಾದಿಲ್ಲ" ಎಂದಳು. "ಎಷ್ಟೊತ್ತಿಗೆ ಬೇಕಾದ್ರೂ ಏಳ್ಲಿ. ಮಲಗಿದೋರನ್ನ ನಾವು ಮುಟ್ಟಾಕಿಲ್ಲ."

ಬಾಗಿಲ ಮರೆಯಲ್ಲಿ ಸಿದ್ದಲಿಂಗಿ ಎಲ್ಲ ಕೇಳಿಸಿಕೊಂಡಿದ್ದಳು. ಆ ಹೆಂಗಸಿನ ಕಾಲು ಮುಟ್ಟಿ ನಮಸ್ಕಾರ ಮಾಡಿ, ಅವಳ ಕೈ ಹಿಡಿದುಕೊಂಡೇ ನಿಂತಳು.

ಈಗ ಪ್ರತಿದಿನ ಬೆಳಗ್ಗೆ ನಾನೆದ್ದು ಮಾಡುವ ಮೊದಲ ಕೆಲಸ ಹಾಲು ಕರೆಯುವುದಲ್ಲ. ನಡುಮನೆಯ ಬಾಗಿಲ ಮುಂದೆ ಹೋಗಿ ನಿಂತು, ತಾಮ್ರದ ಕೊಡವನ್ನು ನೆಲಕ್ಕೆ ಕುಟ್ಟಿ ಬೈಯುತ್ತೇನೆ. ಬಿಸಿಲು ನೆತ್ತಿಗೆ ಬಂತಲ್ಲೇ, ನಿನ್ನ ಮನೆ ಹಾಳಾಗ. ಸತ್ತೆಯೇನೇ, ಏಳೇ. ಬೀದಿಯಲ್ಲಿ ಜನ ಥೂ ಎನ್ನುತ್ತಾರೆ. ಒಂದು ಸಲಕ್ಕೆ ಉತ್ತರ ಬರುವುದಿಲ್ಲ. ಎರಡನೆಯ ಸಲಕ್ಕೂ ಬರುವುದಿಲ್ಲ. ಇವತ್ತು ಎಷ್ಟು ಬೈದರೂ ಬರಲಿಲ್ಲ. ಕೊಡ ಕೈಯಲ್ಲೇ ಉಳಿಯಿತು, ಬೈಗುಳ ಖಾಲಿಯಾಯಿತು, ಬಾಗಿಲಿಗೆ ಕಿವಿ ಕೊಟ್ಟು ಕೂತುಬಿಟ್ಟೆ. ಕೊಟ್ರಿ, ನಿನ್ನ ಮಗಳನ್ನು ಎಬ್ಬಿಸೇ ಎಂದು ಮೆಲ್ಲಗೆ ಹೇಳಿದೆ. ಆಗ ಒಳಗಡೆ ಬಳೆಯ ಸದ್ದಾಯಿತು.

"ಇನ್ನೂ ಸತ್ತಿಲ್ಲ ಹೋಗಜ್ಜಿ" ಎಂದಳು ಸಿದ್ದಲಿಂಗಿ. "ನಿನ್ನಾಸೆ ಇವತ್ತೂ ಈಡೇರಲಿಲ್ಲ."

ಆ ಮಾತು ಕಿವಿಗೆ ಬಿದ್ದ ಮೇಲೆಯೇ ನಾನು ಚೊಂಬು ಹಿಡಿದು ಕೊಟ್ಟಿಗೆಗೆ ಹೋದದ್ದು. ಬರುವ ತಿಂಗಳು ಅವಳ ಮದುವೆ. ಯಲ್ಲದಕೆರೆಯಲ್ಲಿ ಅವಳಿಗೆ ಬೈಯುವವರು ಯಾರೂ ಇಲ್ಲ.